ಕೈ ಎಟುಕುವ ಎತ್ತರ

ಒರೆಸಿದಷ್ಟೂ ಗೋಡೆ ತನ್ನ ಮೇಲೆ ಚಾಡಿ ಹೇಳುತ್ತಿದೆ ಅನ್ನಿಸಿ ಅವನಿಗೆ ಕೈಯಲ್ಲಿದ್ದ ಒದ್ದೆ ಬಟ್ಟೆಯ ಮೇಲೇ ಸಿಟ್ಟು ಬಂತು. ಮಲಗುವ ಕೋಣೆಯ ಬಾಗಿಲಿನಿಂದ ಬಚ್ಚಲುಮನೆಯವರೆಗೆ, ಬಚ್ಚಲುಮನೆಯಿಂದ ಅಡುಗೆಮನೆಯ ತಿರುವಿನವರೆಗೆ, ಸೊಂಟದಿಂದ ಒಂದು ಗೇಣು ಮೇಲೆ, ಅಂಗೈಯ ಜಿಡ್ಡು ಉದ್ದಕ್ಕೂ ಕಂದು ಪಟ್ಟಿಯಾಗಿ ಕೂತಿತ್ತು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಿನ್ನೆ ಸಂಜೆ ಮೇಲಿನ ಮನೆಯ ಓನರಮ್ಮ ಫೋನ್ ಮಾಡಿ, ‘ನಾಳೆ ಬೆಳಿಗ್ಗೆ ಬರ್ತೀನಿ ಕಂಡಕ್ಟ್ರೇ, ಮನೆ ಒಂದ್ಸಲ ನೋಡ್ಬೇಕು, ಒಂದು ವಿಷಯಾನೂ ಮಾತಾಡೋದಿದೆ’ ಅಂದ ಮೇಲೆಯೇ ಅವನು ತಾನಿರುವ ಮನೆಯನ್ನು ಬೇರೆಯವರ ಕಣ್ಣಿನಿಂದ ನೋಡಿದ್ದು. ನೋಡಿದರೆ ಗೋಡೆಯ ತುಂಬ ತನ್ನದೇ ಕೈ. ಬಾಡಿಗೆ ಕರಾರು ಮುಂದಿನ ತಿಂಗಳಿಗೆ ಮುಗಿಯುತ್ತದೆ. ವಿಷಯ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಮನುಷ್ಯ ಗೋಡೆ ಹಿಡಿದುಕೊಂಡು ನಡೆಯುತ್ತಾನೆ, ಇವತ್ತಲ್ಲ ನಾಳೆ ಬೀಳುತ್ತಾನೆ, ಬೀಳುವ ಮೊದಲೇ ಸಾಗಹಾಕೋಣ. ಅಷ್ಟೇ ವಿಷಯ.

“ಲೋ ಮರಿ, ಏನೋ ಅದು, ರಸ್ತೆ ಮಧ್ಯ ಬಿಳಿ ಪಟ್ಟೆ ಬಳಿದ ಹಾಗೆ?” ಎಂದಳು ಅಕ್ಕ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದವಳು ಕತ್ತು ವಾರೆ ಮಾಡಿ ನೋಡುತ್ತಿದ್ದಳು. ಅವನು ಹಿಂದೆ ಸರಿದು ನೋಡಿದ. ನಿಜ. ಕಲೆ ಹೋಗಿತ್ತು, ಅದರ ಜೊತೆಗೆ ಹಳೆಯ ಬಣ್ಣದ ಮೇಲಿನ ಧೂಳೂ ಹೋಗಿ, ಕಂದು ಪಟ್ಟಿ ಇದ್ದಲ್ಲಿ ಈಗ ಬೆಳ್ಳಗೆ ಹೊಳೆಯುವ ಪಟ್ಟಿ ಮೂಡಿತ್ತು. ಮೊದಲಾದರೆ ಹುಡುಕಿದವರಿಗೆ ಮಾತ್ರ ಕಾಣುತ್ತಿತ್ತು, ಈಗ ಕುರುಡರಿಗೂ ಕಾಣುವಂತಿತ್ತು. “ಪೂರ್ತಿ ಗೋಡೆ ಒರೆಸಿಬಿಡ್ತೀನಿ,” ಎಂದ. “ಒರೆಸು. ಮೇಲಿನ ಅರ್ಧ ಒರೆಸೋಕೆ ಸ್ಟೂಲ್ ಹತ್ತು. ಸ್ಟೂಲಿಂದ ಬಿದ್ದರೆ ಓನರಮ್ಮ ಬರೋ ಹೊತ್ತಿಗೆ ಸರಿಯಾಗಿ ಎಲ್ಲ ತಯಾರಾಗಿರುತ್ತೆ.” ಅಕ್ಕನ ಬಾಯಿಗೆ ವಯಸ್ಸಾಗಿರಲಿಲ್ಲ. ಅವನ ಹೆಂಡತಿ, ಅವಳ ಗಂಡ, ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಅಕ್ಕ ತಮ್ಮ ಮತ್ತೆ ಚಿಕ್ಕವರಿದ್ದಾಗಿನ ಹಾಗೆ ಒಂದೇ ಸೂರಿನಡಿ ಸೇರಿದ್ದರು. ಅವಳು ಮತ್ತೆ ದೊಡ್ಡವಳಾಗಿದ್ದಳು, ಅವನು ಮತ್ತೆ ಮರಿಯಾಗಿದ್ದ. “ಬಚ್ಚಲಲ್ಲಿ ಒಂದು ಕಂಬಿ ಹಾಕಿಸಿಕೊಡಿ ಅಂತ ಇವತ್ತೇ ಕೇಳಿಬಿಡೋ. ಕೇಳಿದ್ರೆ ಏನ್ ಹೋಗುತ್ತೆ?” ಎಂದಳು. “ಕೇಳಿದ್ರೆ ಮನೆ ಹೋಗುತ್ತೆ,” ಎಂದು ಅವನು ಬಟ್ಟೆ ಹಿಂಡಿದ. ಅವಳು ಮತ್ತೆ ಬೀನ್ಸಿಗೆ ಕೈ ಹಾಕಿದಳು.

ಕಂಬಿ ಎಂಬ ಮಾತೇ ಅವನಿಗೆ ಆಗುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಬಸ್ಸಿನಲ್ಲಿ ನಿಂತವನು ಅವನು, ಕಂಬಿ ಹಿಡಿಯದೆ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ, ಹಿಡಿಯುವುದಕ್ಕೆ ಮೂರನೆಯ ಕೈ ಎಲ್ಲಿತ್ತು? ಕಾಲು ಅಗಲಿಸಿ, ಸೊಂಟವನ್ನು ಸೀಟಿನ ಮೂಲೆಗೆ ಒರಗಿಸಿ, ತಿರುವು ಬರುವ ಮೊದಲೇ ಮೈಯನ್ನು ಆ ಕಡೆಗೆ ಸಡಿಲ ಬಿಟ್ಟರೆ ಆಯಿತು, ಬಸ್ಸು ಎಂಥ ಹುಚ್ಚಾಟ ಆಡಿದರೂ ಅವನು ನಿಂತಲ್ಲಿ ನಿಂತಿರುತ್ತಿದ್ದ. ಹೊಸದಾಗಿ ಸೇರಿದ ಕಂಡಕ್ಟರುಗಳು ಕಂಬಿಗೆ ಜೋತುಬೀಳುವುದನ್ನು ನೋಡಿ ನಗುತ್ತಿದ್ದ. ಮುದುಕರು ಎರಡೂ ಕೈಯಿಂದ ಕಂಬಿ ತಬ್ಬಿಕೊಂಡು, ಹಿಂದಿನವರಿಗೆ ದಾರಿ ಬಿಡದೆ ನಿಂತಾಗ, ಬಿಡಿ ಅಜ್ಜಾ, ಒಳಗೆ ಹೋಗಿ, ಅದೇನು ನಿಮ್ಮ ಆಸ್ತಿಯಾ ಎಂದು ಕೂಗುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ಈಗ, ಕಾಲ ಕೆಳಗಿನ ನೆಲ ಒಂದಿಷ್ಟೂ ಅಲ್ಲಾಡದಿರುವಾಗ, ಹಾಸಿಗೆಯಿಂದ ಎದ್ದು ನಿಂತ ತಕ್ಷಣ ತಲೆಯೊಳಗೆ ಏನೋ ಬ್ರೇಕು ಹಾಕಿದಂತಾಗುತ್ತಿತ್ತು. ಡಾಕ್ಟರು ಕಿವಿಯೊಳಗಿನ ತೊಂದರೆ ಎಂದಿದ್ದರು, ಮಾತ್ರೆ ಕೊಟ್ಟಿದ್ದರು, ಮನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಹಾಕಿಸಿಕೊಳ್ಳಿ ಎಂದಿದ್ದರು. ಅವನು ಮಾತ್ರೆಯಷ್ಟೇ ತೆಗೆದುಕೊಂಡಿದ್ದ.

ಮನೆ ಸಿಗುವುದು ಎಷ್ಟು ಕಷ್ಟವೆಂದು ಡಾಕ್ಟರಿಗೆ ಏನು ಗೊತ್ತು? ಈ ಮನೆಗೆ ಮೊದಲು ಅಕ್ಕ ತಮ್ಮ ಬೀದಿ ಬೀದಿ ತಿರುಗಿದ್ದರು. ಬಾಗಿಲು ತೆರೆದವರು ಮೊದಲು ನೋಡುತ್ತಿದ್ದುದು ಇವರ ಮುಖವನ್ನಲ್ಲ, ಕೂದಲನ್ನು. ಆಮೇಲೆ ಮಾತು ತಾನಾಗಿಯೇ ತಿರುಗುತ್ತಿತ್ತು: ಅಯ್ಯೋ, ಈಗಷ್ಟೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟೆವು, ಬೋರ್ಡು ತೆಗೆಯೋದು ಮರೆತಿದ್ದೀವಿ. ಒಬ್ಬಳು ಮಾತ್ರ, ಕೆಟ್ಟವಳೇನಲ್ಲ, ಕೂರಿಸಿ ನೀರು ಕೊಟ್ಟು, ನೋಡಿ, ನಾಳೆ ನೀವು ಬಿದ್ದರೆ ಎತ್ತೋರು ಯಾರು, ಆಮೇಲೆ ಜನ ನಮ್ಮನ್ನು ಅಂತಾರೆ ಎಂದು ಬಿಡಿಸಿ ಹೇಳಿದ್ದಳು. ಆ ನೀರು ಅವನ ಗಂಟಲಲ್ಲಿ ಇವತ್ತಿಗೂ ಇಳಿದಿರಲಿಲ್ಲ. ಈ ಮನೆ ಸಿಕ್ಕ ದಿನವೇ ಅವನು ಮನಸ್ಸಿನಲ್ಲಿ ಒಂದು ನಿಯಮ ಮಾಡಿಕೊಂಡ: ಮೇಲಿನ ಮನೆಯ ಕಿಟಕಿಗೆ ತಾನು ಗಟ್ಟಿಮುಟ್ಟಾಗಿ ಕಾಣಬೇಕು. ದಿನಾ ಬೆಳಿಗ್ಗೆ, ಓನರಮ್ಮ ಪೇಪರು ಹಿಡಿದು ಕಿಟಕಿಯ ಬಳಿ ಕೂರುವ ಹೊತ್ತಿಗೆ ಸರಿಯಾಗಿ, ಅಂಗಳದಲ್ಲಿ ಕೈ ಬೀಸಿಕೊಂಡು ಓಡಾಡುತ್ತಿದ್ದ. ಅಂಗಳ ಚಿಕ್ಕದು, ತಿರುಗುವಾಗಲೇ ತೊಂದರೆ. ತಿರುಗುವ ಜಾಗದಲ್ಲಿ ನಿಂತು ಗಿಡದ ಎಲೆಯನ್ನೋ ಆಕಾಶವನ್ನೋ ನೋಡುವವನಂತೆ ನಟಿಸಿ, ತಲೆ ನಿಂತ ಮೇಲೆ ಮತ್ತೆ ಹೊರಡುತ್ತಿದ್ದ. ಪಂಚಾಂಗದ ಪಂಡಿತನೂ ಅಷ್ಟು ಆಕಾಶ ನೋಡುವುದಿಲ್ಲ ಎಂದು ಅಕ್ಕ ನಗುತ್ತಿದ್ದಳು. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಗೋಡೆ ಹಿಡಿಯುತ್ತಿದ್ದ.

ಮನೆಯನ್ನು ಕಟ್ಟಿಸಿದವರು ಓನರಮ್ಮನ ಗಂಡ. ಓವರ್‌ಸಿಯರ್ ಆಗಿದ್ದವರು, ಈಗಿಲ್ಲ. ಬಾಡಿಗೆಯವರು ಕೆಳಗೆ, ನಾವು ಮೇಲೆ ಎಂದು ಲೆಕ್ಕ ಹಾಕಿಯೇ ಕಟ್ಟಿಸಿದ್ದರಂತೆ. ಆ ಲೆಕ್ಕ ಮನೆಯ ಮೂಲೆ ಮೂಲೆಯಲ್ಲೂ ಕಾಣುತ್ತಿತ್ತು. ಬಚ್ಚಲುಮನೆಯ ಪೈಪನ್ನು ನೆಲ ಅಗೆದು ಹಾಕುವ ಬದಲು ನೆಲದ ಮೇಲೇ ಹಾಯಿಸಿ ಮುಚ್ಚಿದ್ದರಿಂದ, ಒಳಗೆ ಹೋಗಬೇಕಾದರೆ ಮೊಣಕಾಲೆತ್ತರ ಅಲ್ಲದಿದ್ದರೂ ಕಾಲು ಎಡವುವಷ್ಟು ಎತ್ತರದ ಕಟ್ಟೆ ದಾಟಬೇಕು. ದಾಟಿ ಕಾಲಿಟ್ಟರೆ ಹೊಳೆಯುವ ಟೈಲ್ಸು. ಮನೆ ನೋಡಲು ಬಂದವರ ಕಣ್ಣು ಕುಕ್ಕಲಿ ಎಂದು ಹಾಕಿದ್ದು, ನೀರು ಬಿದ್ದರೆ ಅದರ ಮೇಲೆ ಇರುವೆಯೂ ನಿಲ್ಲುವುದಿಲ್ಲ. ಬಾಗಿಲು ಒಳಗೆ ತೆರೆಯುತ್ತದೆ, ದೀಪದ ಸ್ವಿಚ್ಚು ಆ ಬಾಗಿಲಿನ ಹಿಂದೆ. ಹಜಾರದ ಕಿಟಕಿಯಂತೂ ಎದೆಮಟ್ಟಕ್ಕಿದೆ. ನಿಂತವರಿಗೆ ಬೀದಿ ಕಾಣುತ್ತದೆ, ಕೂತವರಿಗೆ ಬೀದಿ ದೀಪದ ಕಂಬದ ತುದಿ ಮಾತ್ರ. ಹೆಚ್ಚು ಹೊತ್ತು ಕೂತೇ ಇರುವ ಅಕ್ಕ ಕಾಗೆ ಬಂದು ಕಂಬದ ಮೇಲೆ ಕೂತರೆ ‘ನೆಂಟರು ಬಂದರು’ ಎನ್ನುತ್ತಿದ್ದಳು. ಇದನ್ನೆಲ್ಲ ಅವನು ಯಾರ ಮುಂದೆಯೂ ಹೇಳಿದವನಲ್ಲ. ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಕರಾರಿನಲ್ಲಿತ್ತು. ಅವನು ಕ್ಯಾಲೆಂಡರನ್ನೂ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ. ಒಳ್ಳೆಯ ಬಾಡಿಗೆಯವನು ಎಂದರೆ ಇದ್ದೂ ಇಲ್ಲದವನಂತೆ ಇರುವವನು ಎಂದು ಅವನ ನಂಬಿಕೆ.

ಓನರಮ್ಮ ಬರುವುದು ಮೆಟ್ಟಿಲಿನ ಸದ್ದಿನಲ್ಲೇ ಗೊತ್ತಾಯಿತು. ಒಂದು ಹೆಜ್ಜೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಂದು. ಎಂಥ ಗತ್ತು ಅನ್ನಿಸಿತು ಅವನಿಗೆ, ಸ್ವಂತ ಮನೆಯವರ ನಡಿಗೆಯೇ ಬೇರೆ, ಅವಸರ ಎಂಬುದೇ ಇಲ್ಲ. ಬಾಗಿಲು ತೆರೆದು, ಚೌಕಟ್ಟು ಹಿಡಿಯದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಬಂದವಳು ಗಿಡ್ಡನೆಯ, ತುಂಬಿಕೊಂಡ ಮೈಯ ಹೆಂಗಸು; ಮುಖದಲ್ಲಿ ಬೆವರಿತ್ತು. ಅಕ್ಕನಿಗೆ ನಮಸ್ಕಾರ ಎಂದವಳೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಧೊಪ್ಪೆಂದು ಕೂತುಬಿಟ್ಟಳು. ಮಾತು ಲಂಬಿಸುವ ಅಂದಾಜಿದೆ ಎಂದುಕೊಂಡ. “ಕೂತ್ಕೊಳ್ಳಿ ಕಂಡಕ್ಟ್ರೇ,” ಎಂದಳು. “ಪರವಾಗಿಲ್ಲಮ್ಮ, ನಿಂತು ಅಭ್ಯಾಸ.” ಮೇಜಿನ ಅಂಚಿಗೆ ಸೊಂಟ ತಾಗಿಸಿ, ಬಸ್ಸಿನಲ್ಲಿ ನಿಂತ ಹಾಗೆ ನಿಂತ. ಅವಳ ಕಣ್ಣು ಗೋಡೆಯ ಮೇಲಿನ ಬೆಳ್ಳನೆಯ ಪಟ್ಟಿಯ ಉದ್ದಕ್ಕೂ ಹೋಗಿ ಬಂತು. “ಬಣ್ಣ ಹೊಡೆಸಿ ಎಷ್ಟು ವರ್ಷ ಆಯ್ತೋ, ನನ್ನ ಗಮನಕ್ಕೇ ಬಂದಿಲ್ಲ ನೋಡಿ,” ಎಂದಳು ಅವಳು. “ಗೋಡೆ ಒರೆಸಿ ತೋರಿಸಬೇಕಾಯ್ತಾ ನೀವು? ಬಾಯಿಬಿಟ್ಟು ಕೇಳಬಾರದಾ?” ಅಕ್ಕ ಅಡುಗೆಮನೆಯಿಂದ ಕೆಮ್ಮಿದಳು. ಅದು ಕೆಮ್ಮಲ್ಲ, ನಗು, ಎಂದು ಅವನಿಗೆ ಗೊತ್ತು.

ಆಮೇಲೆ ಅವಳು ಎದ್ದು ಮನೆ ನೋಡತೊಡಗಿದಳು. ಅವನು ಹಿಂದೆ ಹಿಂದೆ ಹೋದ. ಬಚ್ಚಲುಮನೆಯ ಮುಂದೆ ನಿಂತು ಒಳಗೆ ಇಣುಕಿ, “ಈ ಕಟ್ಟೆ ಒಡೆಸಬೇಕು,” ಎಂದಳು. ಅವನಿಗೆ ತಾನು ಕೇಳಿದ್ದು ನಿಜವೋ ಎಂದು ಅನುಮಾನ ಬಂತು. “ಯಾಕಮ್ಮ, ಚೆನ್ನಾಗೇ ಇದೆಯಲ್ಲ,” ಎಂದ. “ಏನ್ ಚೆನ್ನಾಗಿದೆ? ಇದನ್ನ ದಾಟೋದು ಹೇಗೆ, ಕಾಲು ಎತ್ತೋಕಾಗ್ದೆ ಇರೋರು? ಈ ಟೈಲ್ಸು ತೆಗೆಸಿ ಒರಟಾಗಿರೋದು ಹಾಕಿಸ್ಬೇಕು. ಈ ಬಾಗಿಲು ಹೊರಗಡೆ ತೆರೀಬೇಕು; ಯಾರಾದ್ರೂ ಒಳಗೆ ಬಿದ್ದು ಬಾಗಿಲಿಗೆ ಅಡ್ಡ ಆದ್ರೆ ತೆಗೆಯೋದು ಹೇಗೆ? ನಲ್ಲಿ ಪಕ್ಕ ಒಂದು ಕಂಬಿ. ಇಲ್ಲಿ ಕೂತು ಏಳೋ ಜಾಗದಲ್ಲಿ ಇನ್ನೊಂದು. ಹಜಾರದ ಕಿಟಕಿ ತಗ್ಗಿಸ್ಬೇಕು, ಕೂತ್ರೆ ಸ್ವಲ್ಪ ಜನ ಓಡಾಡೋದು ಕಾಣ್ಬೇಕಪ್ಪ, ಇಲ್ಲದಿದ್ರೆ ಜೈಲು.” ಅವಳು ಒಂದೊಂದು ಹೇಳಿದಾಗಲೂ ಅವನ ಎದೆಯಲ್ಲಿ ಒಂದೊಂದು ಗಂಟು ಬಿಚ್ಚಿದಂತಾಗುತ್ತಿತ್ತು. ತಾನು ಯಾವತ್ತೂ ಯಾರಿಗೂ ಹೇಳದೆ ಬಾಯಲ್ಲೇ ನುಂಗಿಕೊಂಡದ್ದನ್ನು ಈ ಹೆಂಗಸು ಓದಿಕೊಂಡು ಬಂದವಳಂತೆ ಹೇಳುತ್ತಿದ್ದಾಳೆ. ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಸಿಕ್ಕಿಬೀಳುತ್ತೇನೆ, ಇದು ನನ್ನನ್ನು ಪರೀಕ್ಷೆ ಮಾಡುವ ಉಪಾಯ, ಎಂದು ಒಳಗಿನಿಂದ ಇನ್ನೊಬ್ಬ ಎಚ್ಚರಿಸಿದ. “ನಮಗಂತೂ ಇದ್ಯಾವುದೂ ಬೇಕು ಅನ್ಸಿಲ್ಲ,” ಎಂದ ಅವನು, ಕೈ ಬೆನ್ನ ಹಿಂದೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡು. “ನಾನು ಕಣ್ಣು ಮುಚ್ಚಿಕೊಂಡು ಹೋಗಿ ಬರ್ತೀನಿ.” ಅಕ್ಕ ಕೆಮ್ಮಲಿಲ್ಲ.

“ಅದಕ್ಕೇ ಕಂಡಕ್ಟ್ರೇ ನಾನು ಬಂದಿದ್ದು,” ಎಂದು ಓನರಮ್ಮ ಮತ್ತೆ ಬಂದು ಕೂತಳು. ಕೂತಮೇಲೆ ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಂಡಳು. “ನನ್ನ ಮಂಡಿ ಮುಗೀತು. ಆ ಮೆಟ್ಟಿಲು ಹತ್ತಿ ಇಳಿಯೋದು ಇನ್ನು ನನ್ನ ಕೈಲಾಗಲ್ಲ. ಇದನ್ನ ಸರಿ ಮಾಡಿಸಿಕೊಂಡು ನಾನು ಕೆಳಗೆ ಬರ್ತೀನಿ, ನೀವಿಬ್ರೂ ಮೇಲೆ ಹೋಗಿ. ಬಾಡಿಗೆ ಇಷ್ಟೇ ಇರಲಿ. ಮೇಲೆ ಗಾಳಿ ಬೆಳಕು ಚೆನ್ನಾಗಿದೆ, ಕಿಟಕಿ ತಗ್ಗು, ಅಕ್ಕಾವ್ರಿಗೆ ಕೂತಲ್ಲೇ ಬೀದಿ ಪೂರ್ತಿ ಕಾಣುತ್ತೆ. ಬೇರೆಯವರಾಗಿದ್ರೆ ನಾನು ಹೀಗೆ ಕೇಳ್ತಿರಲಿಲ್ಲ. ದಿನಾ ಬೆಳಿಗ್ಗೆ ನೀವು ಅಂಗಳದಲ್ಲಿ ಓಡಾಡೋದನ್ನ ನೋಡ್ತೀನಲ್ಲ, ಏನ್ ಚುರುಕು, ಏನ್ ಕೈ ಬೀಸೋದು! ಅದನ್ನ ನೋಡಿ ನೋಡಿಯೇ ನನಗೆ ಈ ಯೋಚನೆ ಹೊಳೆದಿದ್ದು.” ಅವನಿಗೆ ನಗು ಬಂತು, ಅಳುವೂ ಬಂತು, ಎರಡೂ ಹೊರಗೆ ಬರಲಿಲ್ಲ. ಅಷ್ಟು ಬೆಳಗುಗಳು ಆಕಾಶ ನೋಡಿದ್ದರ ಫಲ ಇದು. ಮನೆ ಉಳಿಯಲಿ ಎಂದು ತಾನು ಆಡಿದ ನಾಟಕವನ್ನು ಈ ತಾಯಿ ಟಿಕೆಟ್ಟು ಕೊಳ್ಳದೆಯೇ ಕೂತು ನೋಡಿ, ಮೆಚ್ಚಿ, ಅದಕ್ಕೆ ಬಹುಮಾನವಾಗಿ ಮಹಡಿಯನ್ನು ಕೊಡುತ್ತಿದ್ದಾಳೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ, ಕೆಳಗಿನ ಮನೆ ತನಗೆ ಬೇಕಾದವಳು, ಇನ್ನೊಂದು ಮನೆ ನೋಡಿಕೊಳ್ಳಿ ಎನ್ನುತ್ತಾಳೆ. ಮತ್ತೆ ಬೀದಿ ಬೀದಿ, ಮತ್ತೆ ಕೂದಲು ನೋಡುವ ಕಣ್ಣುಗಳು, ಮತ್ತೆ ಆ ನೀರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಕೂತಲ್ಲೇ ಬೀದಿ ಕಾಣುತ್ತೆ ಎಂಬ ಮಾತಿಗೆ ಅವಳ ಮುಖ ಒಂದು ಗಳಿಗೆ ಅರಳಿ ಮತ್ತೆ ಮೊದಲಿನಂತಾದದ್ದನ್ನು ಅವನು ನೋಡಿದ. “ಹೋಗಿ ನೋಡಿಕೊಂಡು ಬಾ ಮರಿ,” ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮೆಟ್ಟಿಲು ಮನೆಯ ಹೊರಗೋಡೆಗೆ ಅಂಟಿಕೊಂಡು ಹೋಗಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಕಂಬಿ. ಗೋಡೆ ಇದ್ದಮೇಲೆ ಆ ಕಡೆಗೂ ಕಂಬಿ ಯಾಕೆ, ದಂಡ, ಎಂದಿದ್ದರಂತೆ ಓವರ್‌ಸಿಯರು. ಓನರಮ್ಮ ಕಂಬಿಯ ಕಡೆ ಹಿಡಿದು ಮುಂದೆ ಹತ್ತಿದಳು. ಅವನಿಗೆ ಉಳಿದದ್ದು ಗೋಡೆಯ ಕಡೆ. ಅವಳು ಒಂದು ಮೆಟ್ಟಿಲಿಗೆ ಒಂದು ಕಾಲು ಇಟ್ಟು, ಇನ್ನೊಂದನ್ನು ಎಳೆದು ಅದರ ಪಕ್ಕಕ್ಕೆ ತಂದು, ನಿಂತು, ಉಸಿರು ತೆಗೆದುಕೊಂಡು ಮತ್ತೆ ಹೊರಡುತ್ತಿದ್ದಳು. ಗತ್ತು ಎಂದುಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕಾಲಿನಲ್ಲಿ ಅವನಿಗೆ ಶಕ್ತಿ ಇತ್ತು, ಆ ಬಗ್ಗೆ ದೂರಿಲ್ಲ. ಕಾಲು ಹೇಳಿದ್ದನ್ನು ತಲೆ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಹೀಗಿರಲಿಲ್ಲ, ಬಸ್ಸು ಅಲ್ಲಾಡಿದರೆ ಅದಕ್ಕೆ ವಿರುದ್ಧವಾಗಿ ತಾನು ಅಲ್ಲಾಡಿ ಸರಿದೂಗಿಸಬಹುದಿತ್ತು. ಈ ಮೆಟ್ಟಿಲು ಅಲ್ಲಾಡುವುದೇ ಇಲ್ಲ, ಯಾವುದಕ್ಕೆ ವಿರುದ್ಧವಾಗಿ ಅಲ್ಲಾಡಲಿ? ಅಕ್ಕನನ್ನು ಹೀಗೆ ಒಂದು ದಿನ ಮೇಲೆ ಹತ್ತಿಸಿದೆವು ಎಂದುಕೊಳ್ಳೋಣ. ಅವಳು ಕಿಟಕಿಯ ಬಳಿ ಕೂರುತ್ತಾಳೆ, ಬೀದಿ ಪೂರ್ತಿ ಕಾಣುತ್ತದೆ. ಆ ಬೀದಿಗೆ ಅವಳು ಇಳಿಯುವುದು ಮತ್ತೆ ಯಾವಾಗ? ಇಳಿಸುವವರು ನಾಲ್ಕು ಜನ ಬಂದಾಗಲೇ. ಈ ಯೋಚನೆ ಬಂದದ್ದು ಮೆಟ್ಟಿಲು ತಿರುಗುವ ಜಾಗದಲ್ಲಿ. ತಿರುಗಬಾರದಿತ್ತು, ತಿರುಗಿಬಿಟ್ಟ. ಬೀದಿ, ದೀಪದ ಕಂಬ, ಎದುರುಮನೆಯ ಚಾವಣಿ, ಎಲ್ಲವೂ ಒಂದು ಸುತ್ತು ಬಂದವು. ಅವನು ಕಾಲು ಅಗಲಿಸಿದ, ಬೆನ್ನನ್ನು ಗೋಡೆಗೆ ಕೊಟ್ಟ, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿದ. ಹಿಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

“ಏನಾಯ್ತು ಕಂಡಕ್ಟ್ರೇ, ಆಕಾಶ ನೋಡ್ತಿದ್ದೀರಾ?” ಎಂದಳು ಓನರಮ್ಮ ಮೇಲಿನಿಂದ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅಂಗಳದಲ್ಲಿ ಅವನು ಹಾಗೆ ನಿಲ್ಲುವುದನ್ನು ದಿನಾ ನೋಡಿದವಳು. ಹೌದು ಎಂದುಬಿಟ್ಟರೆ ಇನ್ನೂ ಸ್ವಲ್ಪ ಹೊತ್ತು ಸಾಗುತ್ತಿತ್ತು. “ಇಲ್ಲಮ್ಮ,” ಎಂದ. “ನನ್ನ ಕೈಲಾಗಲ್ಲ.” “ಏನಾಗಲ್ಲ?” “ಹತ್ತೋಕೂ ಆಗಲ್ಲ, ಈಗ ಇಳಿಯೋಕೂ ಆಗಲ್ಲ. ತಲೆ ತಿರುಗುತ್ತೆ. ಒಂದೆರಡು ವರ್ಷದಿಂದ. ಆ ಗೋಡೆ ಮೇಲಿನ ಪಟ್ಟಿ ಇದೆಯಲ್ಲ, ಅದು ನನ್ನ ಕೈ. ಹಿಡ್ಕೊಂಡೇ ನಡೀತೀನಿ ಮನೆಯೊಳಗೆ. ಕಲೆ ನಿಮಗೆ ಕಾಣಬಾರ್ದು ಅಂತ ಒರೆಸ್ದೆ.” ಹೇಳಿ ಮುಗಿದ ಮೇಲೆ, ಬಸ್ಸು ಪೂರ್ತಿ ತನ್ನ ಕಡೆ ತಿರುಗಿ ನೋಡುತ್ತಿದೆ ಎಂಬಂತೆ ತಲೆ ತಗ್ಗಿಸಿದ. ಆಮೇಲೆ ಅವಳು ಕಂಬಿ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. “ಮತ್ತೆ, ಕಂಬಿ ಹಾಕಿಸ್ಬೇಕು ಅಂದಾಗ ಏನೂ ಬೇಡ ಅಂದ್ರಿ?” “ಹೆದರಿದೆ.” “ಯಾರಿಗೆ?” “ನಿಮಗೆ.” “ನನಗಾ!” ಎಂದು ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. “ನಾನು ಈ ಮೆಟ್ಟಿಲು ಹೇಗೆ ಇಳೀತೀನಿ ಗೊತ್ತಾ? ಹಿಮ್ಮುಖವಾಗಿ. ಕಂಬಿ ತಬ್ಬಿಕೊಂಡು, ಏಣಿ ಇಳಿಯೋ ಹಾಗೆ. ಇವತ್ತೂ ಹಾಗೇ ಬಂದೆ. ನಿಮ್ಮ ಬಾಗಿಲು ತೆರೆಯೋದರೊಳಗೆ ತಿರುಗಿ ನಿಂತ್ಕೊಂಡೆ. ಹೆಂಗಸು ಒಬ್ಬಳೇ, ಕಾಲೂ ಇಲ್ಲ ಅಂತ ಗೊತ್ತಾದ್ರೆ ಬಾಡಿಗೆಯವರು ತಲೆ ಮೇಲೆ ಕೂರ್ತಾರೆ ಅಂತ ಎಲ್ಲರೂ ಹೆದರಿಸಿಟ್ಟಿದ್ರು.” “ನಾನು ಅಂಥವನು ಅನ್ಸಿತ್ತಾ ನಿಮಗೆ?” “ತಲೆ ಮೇಲೆ ಕೂರೋಕೂ ನೀವು ಮೆಟ್ಟಿಲು ಹತ್ತಬೇಕಲ್ಲ,” ಎಂದಳು ಅವಳು. ಈ ಸಲ ಅವನಿಗೂ ನಗು ಬಂತು. ನಗುವಾಗ ತಲೆ ಒಂದಿಷ್ಟು ನಿಂತಿತು.

ಆದರೆ ನಗುವಿನಿಂದ ಮನೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೆಳಗೆ ಇರುವುದು ಒಂದೇ ಮನೆ, ಅದು ಬೇಕಾದವರು ಇಬ್ಬರು, ಅದರಲ್ಲಿ ಒಬ್ಬರದು ಅದು ಸ್ವಂತ. ಅವಳೂ ಅದನ್ನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಸದ್ಯಕ್ಕೆ ಇಳಿಯುವುದು ಮುಖ್ಯವಾಗಿತ್ತು. ಅವನು ಒಂದು ಮೆಟ್ಟಿಲು ಕೆಳಗೆ ನಿಂತು, ಬೆನ್ನನ್ನು ಗೋಡೆಗೆ ಉಜ್ಜಿಕೊಂಡೇ ಅಡ್ಡಡ್ಡ ಇಳಿಯತೊಡಗಿದ. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಸ್ವಲ್ಪ ಅನುಮಾನಿಸಿ, ಇನ್ನೊಂದನ್ನು ಅವನ ಹೆಗಲ ಮೇಲೆ ಇಟ್ಟಳು. ಆ ಕೈಯ ಭಾರದಿಂದ ಅವನಿಗೂ ಏನೋ ನೆಲೆ ಸಿಕ್ಕಿದಂತಾಯಿತು. ಚಿಲ್ಲರೆಯ ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ ಬಸ್ಸಿನಲ್ಲಿ ಹೀಗೇ ಇರುತ್ತಿತ್ತು. ಇಬ್ಬರೂ ಹಾಗೇ ಇಳಿದರು. ಕೆಳಗೆ ಬಂದು ನಿಂತ ಮೇಲೆ ಓನರಮ್ಮ ಹಿಂದೆ ತಿರುಗಿ ಮೆಟ್ಟಿಲನ್ನು ನೋಡಿದಳು. “ಮುಂದೆ ಮುಖ ಮಾಡಿ ಇಳಿದುಬಿಟ್ನಲ್ಲ,” ಎಂದಳು, ತನಗೆ ತಾನೇ. ಆಮೇಲೆ ಬರಿಯ ಗೋಡೆಯನ್ನು ನೋಡುತ್ತ ತುಂಬ ಹೊತ್ತು ನಿಂತಳು. “ಆ ಕಡೆಗೂ ಒಂದು ಇರಬೇಕಿತ್ತು. ದಂಡ ಅಂದ್ರು ಇವರು. ನಾನೂ ಆಗ ಹೂಂ ಅಂದೆ. ಆಗ ಓಡಿಕೊಂಡೇ ಹತ್ತುತ್ತಿದ್ವಿ.”

ಅಳತೆ ತೆಗೆಯುವುದಕ್ಕೆಂದು ಅವಳು ಮೊದಲೇ ಬರಹೇಳಿದ್ದ ಮೇಸ್ತ್ರಿ ಅಷ್ಟು ಹೊತ್ತಿಗೆ ಬಂದು, ಅಕ್ಕ ಕೊಟ್ಟ ಕಾಫಿ ಕುಡಿದು, ಬಚ್ಚಲುಮನೆಯ ಕಟ್ಟೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುತ್ತಿದ್ದ. ಕಟ್ಟೆ ಒಡೆಯಬಹುದು, ಟೈಲ್ಸು ಬದಲಾಯಿಸಬಹುದು, ಬಾಗಿಲು ತಿರುಗಿಸಬಹುದು, ಎಂದ. ಟೇಪು ಬಿಚ್ಚಿ, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ. “ಕಂಬಿ ಯಾರ ಎತ್ತರಕ್ಕೆ ಹಾಕ್ಲಮ್ಮ?” ಅವನು ಉದ್ದನೆಯ ಆಳು, ಓನರಮ್ಮ ಗಿಡ್ಡ. ಒಬ್ಬರ ಕೈಗೆ ಬರುವುದು ಇನ್ನೊಬ್ಬರ ಕೈಗೆ ಬರುವುದಿಲ್ಲ. ಮೇಸ್ತ್ರಿ ಕೇಳಿದ್ದು ಕಂಬಿಯ ಮಾತು, ಅವನ ಕಿವಿಗೆ ಬಿದ್ದದ್ದು ಮನೆ ಯಾರಿಗೆ ಎಂಬ ಮಾತು. ಅವನು ಅಕ್ಕನ ಕಡೆ ನೋಡಲಿಲ್ಲ. ಓನರಮ್ಮ ಮಂಡಿ ಒತ್ತಿಕೊಂಡಳು, ಕಿಟಕಿಯ ಕಡೆ ನೋಡಿದಳು, ಮೇಸ್ತ್ರಿಯ ಪೆನ್ಸಿಲನ್ನು ನೋಡಿದಳು. “ಇವರ ಎತ್ತರಕ್ಕೆ ಹಾಕು,” ಎಂದಳು ಕೊನೆಗೆ. “ನನ್ನ ಎತ್ತರಕ್ಕೆ ಹೊರಗಡೆ ಮೆಟ್ಟಿಲಿಗೆ ಹಾಕು, ಗೋಡೆ ಕಡೆಗೆ, ಕೆಳಗಿಂದ ಮೇಲಿನ ತನಕ.” ಆಮೇಲೆ ಅವನ ಕಡೆ ತಿರುಗಿ, ಸ್ವಲ್ಪ ಗದರುವ ದನಿಯಲ್ಲಿ, “ನನ್ನ ಕಾಲು ಎಷ್ಟು ದಿನ ಕೇಳುತ್ತೋ ಅಷ್ಟು ದಿನ, ಕಂಡಕ್ಟ್ರೇ. ಆಮೇಲೆ ಈ ಮನೆಗೆ ನೀವು ನಾನು ಕೂತು ಜಗಳ ಆಡೋಣ,” ಎಂದಳು. ಅವನು ಥ್ಯಾಂಕ್ಸ್ ಎಂದೋ ಏನೋ ಅಂದ, ಅದು ಯಾರಿಗೂ ಕೇಳಿಸಲಿಲ್ಲ.

ಮೇಸ್ತ್ರಿ ಅವನನ್ನು ನಲ್ಲಿಯ ಪಕ್ಕ ನಿಲ್ಲಿಸಿದ. “ಹಿಡ್ಕೊಳ್ಳಿ ಸಾರ್, ಕೈ ಎಲ್ಲಿಗೆ ಬರುತ್ತೆ ನೋಡೋಣ.” ಅವನು ಕೈ ಎತ್ತಿದ, ಎತ್ತಿದ ಕೈ ಗೋಡೆಯ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಮೇಲೆ ಕೆಳಗೆ ಆಡಿತು. ನಾಲ್ಕು ಜನ ನೋಡುತ್ತಿರುವಾಗ ಹಿಡಿದುಕೊಳ್ಳುವುದನ್ನು ಅವನು ಕಲಿತಿರಲಿಲ್ಲ. “ಯೋಚನೆ ಮಾಡ್ಬೇಡಿ, ಸುಮ್ನೆ ಬೀಳೋಹಾಗಿದ್ರೆ ಹೇಗೆ ಹಿಡೀತೀರೋ ಹಾಗೆ,” ಎಂದ ಮೇಸ್ತ್ರಿ. ಅವನು ಕಣ್ಣು ಮುಚ್ಚಿದ. ಅಂಗೈ ತಾನಾಗಿ ಹೋಗಿ ಒಂದು ಕಡೆ ಒತ್ತಿತು. ಪೆನ್ಸಿಲು ಅದರ ಕೆಳಗೆ ಗೆರೆ ಎಳೆದ ಸದ್ದು ಕೇಳಿಸಿತು.

“ಅಲ್ಲೇ ಕೆಳಗಡೆ ಇನ್ನೊಂದು ಹಾಕಪ್ಪ,” ಎಂದಳು ಅಕ್ಕ ಬಾಗಿಲ ಹತ್ತಿರದಿಂದ. “ಮೊಣಕಾಲೆತ್ತರಕ್ಕೆ. ನಲ್ಲಿಗಿಂತ ಈಚೆ.” “ಅಷ್ಟು ಕೆಳಗೆ ಯಾಕಜ್ಜಿ, ಯಾರ ಕೈಗೂ ಬರಲ್ಲ,” ಎಂದ ಮೇಸ್ತ್ರಿ. “ನಿಂತೋರ ಕೈಗೆ ಬರಲ್ಲ. ಬಿದ್ದೋರ ಕೈಗೆ ಬರುತ್ತೆ.” ಅವನು ಕಣ್ಣು ತೆರೆದ. “ಯಾರು ಬಿದ್ದಿದ್ದು?” “ನಾನು,” ಎಂದಳು ಅಕ್ಕ, ಹಾಲು ಉಕ್ಕಿತು ಎನ್ನುವಷ್ಟು ಸಲೀಸಾಗಿ. “ಎರಡು ಸಲ. ನಲ್ಲಿ ಹಿಡ್ಕೊಂಡು ಎದ್ದೆ. ನಲ್ಲಿ ಅಲ್ಲಾಡುತ್ತಿತ್ತು, ಕಿತ್ತು ಬಂದಿದ್ರೆ ಅಂತ ಅದೊಂದು ಹೆದರಿಕೆ.” “ಯಾವಾಗ?” “ಒಂದು ಹೋದ ವರ್ಷ. ಇನ್ನೊಂದು ಮೊನ್ನೆ ಮೊನ್ನೆ.” “ನಾನೆಲ್ಲಿದ್ದೆ ಅಕ್ಕಾ?” ಅವನ ದನಿ ಮರಿಯದೇ ಆಗಿತ್ತು. “ಅಂಗಳದಲ್ಲಿ. ಓನರಮ್ಮನಿಗೆ ಕಾಣೋಹಾಗೆ ಓಡಾಡ್ತಿದ್ದೆಯಲ್ಲ, ಎರಡು ಸಲಾನೂ ಅದೇ ಹೊತ್ತು. ಕೂಗೋಣ ಅಂದ್ಕೊಂಡೆ. ಕೂಗಿದ್ರೆ ಮೇಲೆ ಕೇಳಿಸುತ್ತೆ, ನೀನು ಇಷ್ಟು ಕಷ್ಟಪಟ್ಟು ಉಳಿಸಿಕೊಂಡಿರೋ ಮನೆ ಹೋಗುತ್ತೆ ಅಂತ ಸುಮ್ಮನಾದೆ.”

ಅವನು ಗೆರೆಯ ಮೇಲಿಂದ ಕೈ ತೆಗೆದ. ಮೊದಲು ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು, ಆಮೇಲೆ ಮೂವರ ಎದುರಿಗೂ, ಹೊಳೆಯುವ ಟೈಲ್ಸಿನ ಮೇಲೆ, ನಲ್ಲಿಯ ಬುಡದಲ್ಲಿ ಕಾಲು ಚಾಚಿ ಕೂತುಬಿಟ್ಟ. ನೆಲ ತಣ್ಣಗಿತ್ತು. ಇಲ್ಲಿಂದ ನೋಡಿದರೆ ಬಾಗಿಲು ದೂರ, ನಲ್ಲಿ ಎತ್ತರ, ಹೊರಗಿನ ಅಂಗಳದ ಸದ್ದು ಎಷ್ಟು ಹತ್ತಿರ! ತನ್ನ ಹೆಜ್ಜೆಗಳು ಅವಳಿಗೆ ಒಂದೊಂದೂ ಕೇಳಿಸುತ್ತಿದ್ದಿರಬೇಕು. “ಇಲ್ಲಿಗೇ ಬಿದ್ದೆಯಾ?” ಎಂದು ಕೇಳಿದ. “ಇನ್ನೂ ಸ್ವಲ್ಪ ಈ ಕಡೆ,” ಎಂದಳು ಅಕ್ಕ. ಅವನು ಕೂತಲ್ಲೇ ಆ ಕಡೆಗೆ ಸರಿದ. ಪಕ್ಕಕ್ಕೆ ಕೈ ಚಾಚಿ, ಬೆರಳು ಮುಟ್ಟಿದ ಕಡೆ ಗೋಡೆಗೆ ಒತ್ತಿ ಹಿಡಿದು, “ಇಲ್ಲಿ ಹಾಕು ಮೇಸ್ತ್ರಿ,” ಎಂದ. ಮೇಸ್ತ್ರಿ ಬಗ್ಗಿ ಗುರುತು ಹಾಕಿಕೊಂಡ. ಆಮೇಲೆ ಅವನನ್ನು ಎಬ್ಬಿಸುವುದಕ್ಕೆ ಮೂವರೂ ಬೇಕಾದರು.